ರೀಆಂಪಿಂಗ್: ಮೊದಲು ಗಿಟಾರ್ ರೆಕಾರ್ಡ್ ಮಾಡಿ, ಆಮೇಲೆ ಆಂಪ್ ಆರಿಸಿ

ಗಿಟಾರ್ ಕೈಗೆ ಸಿಗುವ ಹೊತ್ತು ಬೇರೆ, ಆಂಪ್ ಜೋರಾಗಿ ಇಡಬಹುದಾದ ಹೊತ್ತು ಬೇರೆ. ಬಾಡಿಗೆ ಫ್ಲ್ಯಾಟ್‌ನಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಾತ್ರಿ ಹತ್ತರ ಮೇಲೆ ಟ್ಯೂಬ್ ಆಂಪ್ ಆನ್ ಮಾಡಿದರೆ ಪಕ್ಕದ ಮನೆಯವರು ಬಂದು ಬೆಲ್ ಒತ್ತುತ್ತಾರೆ. ರೀಆಂಪಿಂಗ್ ಇರುವುದೇ ಇದಕ್ಕೆ. ರಾತ್ರಿ ಗಿಟಾರ್‌ನ ಬರೀ ಸಿಗ್ನಲ್ಲನ್ನು ಕಂಪ್ಯೂಟರ್‌ನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳುತ್ತೀರಿ. ಭಾನುವಾರ ಮಧ್ಯಾಹ್ನವೋ, ಗಂಟೆ ಲೆಕ್ಕಕ್ಕೆ ಸಿಗುವ ಜ್ಯಾಮ್ ರೂಮ್‌ನಲ್ಲೋ ಅದೇ ಟ್ರ್ಯಾಕನ್ನು ಆಂಪ್‌ಗೆ ಕಳಿಸಿ, ಸ್ಪೀಕರ್ ಮುಂದೆ ಮೈಕ್ ಇಟ್ಟು ಮತ್ತೆ ರೆಕಾರ್ಡ್ ಮಾಡುತ್ತೀರಿ. ಆಂಪ್ ಇಲ್ಲದವರು ಅದೇ ಟ್ರ್ಯಾಕಿಗೆ ಸಾಫ್ಟ್‌ವೇರ್ ಆಂಪ್ ಹಾಕುತ್ತಾರೆ.

ಈ ಕೆಲಸಕ್ಕೆ ಇಳಿದವರೆಲ್ಲ ಮೊದಲು ಕೇಳುವುದು ಯಾವ ಆಂಪ್, ಯಾವ ಬಾಕ್ಸ್ ಅಂತ. ನನ್ನ ಮಟ್ಟಿಗೆ ಅದು ಎರಡನೇ ಪ್ರಶ್ನೆ. ಗಿಟಾರ್ ನೇರವಾಗಿ ಚುಚ್ಚಿದ್ದರೆ ಆಂಪ್‌ಗೆ ಎಷ್ಟು ವೋಲ್ಟೇಜ್ ಹೋಗುತ್ತಿತ್ತೋ ಅಷ್ಟೇ ಈಗಲೂ ಹೋಗುತ್ತಿದೆಯೇ? ಇದು ಮೊದಲನೇ ಪ್ರಶ್ನೆ. ಇದನ್ನು ಅಳೆದು ಸರಿಮಾಡಿಕೊಂಡರೆ ಸಾಧಾರಣ ಆಂಪ್ ಕೂಡ ಚೆನ್ನಾಗಿ ಕೇಳಿಸುತ್ತದೆ. ಅಳೆಯದೆ ಬಿಟ್ಟರೆ ದುಬಾರಿ ಆಂಪ್ ಕೂಡ ಒಂದೋ ಸಪ್ಪೆ, ಇಲ್ಲವೇ ಸುಮ್ನೆ ಕಿರಿಚಾಟ.

ಏನೇನು ಬೇಕು

ಒಂದು ಆಡಿಯೊ ಇಂಟರ್‌ಫೇಸ್ (ಗಿಟಾರನ್ನೂ ಮೈಕನ್ನೂ ಕಂಪ್ಯೂಟರ್‌ಗೆ ಸೇರಿಸುವ ಸಾಧನ), ಅದರಲ್ಲಿ ಗಿಟಾರ್ ನೇರ ಚುಚ್ಚುವ ಇನ್‌ಸ್ಟ್ರುಮೆಂಟ್ ಅಥವಾ ಹೈ-ಝಡ್ ಇನ್‌ಪುಟ್ ಇರಬೇಕು. ಔಟ್‌ಪುಟ್ ನಾಲ್ಕು ಇದ್ದರೆ ಅನುಕೂಲ: ಫೋಕಸ್‌ರೈಟ್ ಸ್ಕಾರ್ಲೆಟ್ 4ಐ4, ಮೋಟು ಎಂ4 ತರಹದ್ದು. 1 ಮತ್ತು 2 ನಿಮ್ಮ ಮಾನಿಟರ್ ಸ್ಪೀಕರ್‌ಗೆ, 3 ರೀಆಂಪ್‌ಗೆ. ಎರಡೇ ಔಟ್‌ಪುಟ್ ಇದ್ದರೂ ಕೆಲಸ ಆಗುತ್ತದೆ. ಎಡ ಸ್ಪೀಕರ್‌ನ ಕೇಬಲ್ ತೆಗೆದು ಆ ಔಟ್‌ಪುಟ್ಟನ್ನು ಬಳಸಿ, ಗಿಟಾರ್ ಟ್ರ್ಯಾಕನ್ನು ಪೂರ್ತಿ ಎಡಕ್ಕೆ ಪ್ಯಾನ್ ಮಾಡಿ, ಉಳಿದದ್ದೆಲ್ಲ ಮ್ಯೂಟ್ ಮಾಡಿ. ಆದರೆ ಇಂಥ ಇಂಟರ್‌ಫೇಸ್‌ಗಳಲ್ಲಿ ಮುಂದಿನ ದೊಡ್ಡ ಮಾನಿಟರ್ ನಾಬ್ ಆ ಔಟ್‌ಪುಟ್ಟನ್ನೂ ಏರಿಸಿ ಇಳಿಸುತ್ತದೆ. ಅಳತೆ ಮುಗಿದ ಮೇಲೆ ಅದನ್ನು ಮುಟ್ಟುವ ಹಾಗಿಲ್ಲ.

ಇನ್ನೊಂದು ರೀಆಂಪ್ ಬಾಕ್ಸ್, ಅಂದರೆ ಇಂಟರ್‌ಫೇಸ್‌ನಿಂದ ಬರುವ ಸಿಗ್ನಲ್ಲನ್ನು ಗಿಟಾರ್‌ನಿಂದ ಬಂದ ಹಾಗೆ ಮಾಡಿ ಆಂಪ್‌ಗೆ ಕೊಡುವ ಡಬ್ಬಿ. ಜಾನ್ ಕ್ಯೂನಿಬರ್ಟಿ ಎಂಬ ರೆಕಾರ್ಡಿಂಗ್ ಎಂಜಿನಿಯರ್ 1990ರ ದಶಕದಲ್ಲಿ 'ರೀಆಂಪ್' ಹೆಸರಿನ ಬಾಕ್ಸ್ ಮಾಡಿ ಮಾರಲು ಶುರುಮಾಡಿದರು. ಮುಂದೆ ಆ ಹೆಸರು ರೇಡಿಯಲ್ ಕಂಪನಿಯ ಪಾಲಾಯಿತು. ಇವತ್ತು ರೇಡಿಯಲ್ ಪ್ರೊಆರ್‌ಎಂಪಿ, ಎಕ್ಸ್-ಆಂಪ್, ಪಾಮರ್ ಡಕಾಪೊ ಹೀಗೆ ಹಲವು ಸಿಗುತ್ತವೆ. ಹಣ ಉಳಿಸಬೇಕೆಂದರೆ ಟ್ರಾನ್ಸ್‌ಫಾರ್ಮರ್ ಇರುವ ಪ್ಯಾಸಿವ್ ಡಿಐ ಬಾಕ್ಸನ್ನು (ಗಿಟಾರ್ ಸಿಗ್ನಲ್ಲನ್ನು ಮೈಕ್ ಇನ್‌ಪುಟ್‌ಗೆ ಹೊಂದಿಸುವ ಡಬ್ಬಿ) ತಿರುಗಿಸಿ ಬಳಸಬಹುದು. ಎಕ್ಸ್‌ಎಲ್‌ಆರ್ (ಮೂರು ಪಿನ್‌ನ ಮೈಕ್ ಕನೆಕ್ಟರ್) ಕಡೆ ಇಂಟರ್‌ಫೇಸ್, ಜ್ಯಾಕ್ ಕಡೆ ಆಂಪ್. ಹೀಗೆ ತಿರುಗಿಸಿದಾಗ ಅದು ಸಿಗ್ನಲ್ಲನ್ನು 20 ಡೆಸಿಬೆಲ್ ಆಸುಪಾಸು ಏರಿಸುತ್ತದೆ. ಆದ್ದರಿಂದ ಸಾಫ್ಟ್‌ವೇರ್‌ನಲ್ಲೇ ಚೆನ್ನಾಗಿ ಇಳಿಸಿ ಕಳಿಸಬೇಕು. ಬ್ಯಾಟರಿಯಲ್ಲೋ ಫ್ಯಾಂಟಮ್ ಪವರ್‌ನಲ್ಲೋ ನಡೆಯುವ ಆಕ್ಟಿವ್ ಡಿಐ ಇದಕ್ಕೆ ಬರುವುದಿಲ್ಲ.

ಬಾಕ್ಸ್ ಇಲ್ಲದೆ ನೇರ ಕೇಬಲ್ ಹಾಕಿದರೆ ಏನಾಗುತ್ತದೆ?

ಶಬ್ದ ಬರುತ್ತದೆ. ಆದರೆ ಮೂರು ತೊಂದರೆ. ಇಂಟರ್‌ಫೇಸ್‌ನ ಔಟ್‌ಪುಟ್ ಲೈನ್ ಲೆವೆಲ್‌ನದು. ಪ್ಲಸ್ 4 ಡಿಬಿಯು (ವೋಲ್ಟೇಜನ್ನು ಡೆಸಿಬೆಲ್‌ನಲ್ಲಿ ಹೇಳುವ ಅಳತೆ) ಅಂದರೆ 1.23 ವೋಲ್ಟ್. ಪೂರ್ತಿ ಲೆವೆಲ್‌ನಲ್ಲಿ ಪ್ಲಸ್ 16 ಡಿಬಿಯು ಕೊಡುವ ಇಂಟರ್‌ಫೇಸ್ ಆದರೆ ಸುಮಾರು 4.9 ವೋಲ್ಟ್. ಗಿಟಾರ್‌ನ ಸಾಮಾನ್ಯ ಪಿಕಪ್‌ನಿಂದ (ತಂತಿಯ ಕಂಪನವನ್ನು ಹಿಡಿಯುವ ಕಾಯ್ಲ್) ಬರುವುದು ಇದಕ್ಕಿಂತ ತುಂಬಾ ಕಡಿಮೆ. ಎರಡನೆಯದು, ಇಂಟರ್‌ಫೇಸ್ ಔಟ್‌ಪುಟ್ ಬ್ಯಾಲೆನ್ಸ್ಡ್ (ಸಿಗ್ನಲ್‌ಗೆ ಎರಡು ತಂತಿ ಇರುವುದು), ಗಿಟಾರ್ ಆಂಪ್‌ನ ಇನ್‌ಪುಟ್ ಅಲ್ಲ. ಮೂರನೆಯದೇ ಜಾಸ್ತಿ ಕಾಡುವುದು. ಲ್ಯಾಪ್‌ಟಾಪ್, ಇಂಟರ್‌ಫೇಸ್, ಆಂಪ್ ಎಲ್ಲದರ ಅರ್ತ್ ಒಂದಕ್ಕೊಂದು ಸೇರಿ ಲೂಪ್ ಆಗಿ, ಗುಂಯ್ ಎನ್ನುವ 50 ಹರ್ಟ್ಜ್ ಹಮ್ ಶುರುವಾಗುತ್ತದೆ. ಬಾಕ್ಸ್ ಒಳಗಿನ ಟ್ರಾನ್ಸ್‌ಫಾರ್ಮರ್ ಈ ಲೂಪನ್ನು ಕತ್ತರಿಸುತ್ತದೆ.

ಹಂತ 1: ಡಿಐ ಟ್ರ್ಯಾಕ್ ರೆಕಾರ್ಡ್ ಮಾಡುವುದು

ಡಿಐ ಅಂದರೆ ಯಾವ ಆಂಪೂ, ಯಾವ ಎಫೆಕ್ಟೂ ಇಲ್ಲದ ಬರೀ ಗಿಟಾರ್. ಕೇಳಲು ತೆಳ್ಳಗೆ, ಒಣಒಣ ಅನ್ನಿಸುತ್ತದೆ. ಅದು ಹಾಗೇ ಇರಬೇಕು.

ಗಿಟಾರನ್ನು ಇನ್‌ಸ್ಟ್ರುಮೆಂಟ್ ಇನ್‌ಪುಟ್‌ಗೇ ಹಾಕಿ, ಆ ಬಟನ್ ಆನ್ ಆಗಿದೆಯೇ ನೋಡಿ. ಈ ಇನ್‌ಪುಟ್‌ನ ಇಂಪೀಡೆನ್ಸ್ (ಸಿಗ್ನಲ್‌ಗೆ ಒಡ್ಡುವ ತಡೆ) ಸುಮಾರು 1 ಮೆಗಾಓಮ್, ಗಿಟಾರ್ ಆಂಪ್‌ನದೂ ಹೆಚ್ಚುಕಡಿಮೆ ಅಷ್ಟೇ. ಬಟನ್ ಒತ್ತದೆ ಲೈನ್ ಇನ್‌ಪುಟ್ ಆಗಿಯೇ ಬಿಟ್ಟರೆ ಪಿಕಪ್ ಮೇಲೆ ಭಾರ ಬಿದ್ದು, ಮೇಲಿನ ಸ್ವರಗಳ ಹೊಳಪು ಹೋಗಿಬಿಡುತ್ತದೆ. ಹೋದ ಆ ಹೊಳಪನ್ನು ಆಮೇಲೆ ಇಕ್ಯೂ ಹಾಕಿ ತರಲು ಆಗುವುದಿಲ್ಲ. ಸ್ಕಾರ್ಲೆಟ್‌ನ 'ಏರ್' ಮೋಡ್, ತಾನಾಗಿ ಗೇನ್ ಬದಲಿಸುವ 'ಕ್ಲಿಪ್ ಸೇಫ್' ತರಹದ ಸೌಲಭ್ಯ ಇದ್ದರೆ ಆಫ್ ಮಾಡಿ.

24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ. ಸ್ಯಾಂಪಲ್ ರೇಟ್ 44.1 ಅಥವಾ 48 ಕಿಲೋಹರ್ಟ್ಜ್, ಯಾವುದಾದರೂ ಸರಿ. ಎಷ್ಟು ಜೋರಾಗಿ ನುಡಿಸಬಲ್ಲಿರೋ ಅಷ್ಟು ಜೋರಾಗಿ ನುಡಿಸಿದಾಗ ಸಾಫ್ಟ್‌ವೇರ್‌ನ ಮೀಟರ್‌ನಲ್ಲಿ ಪೀಕ್ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ಇರಲಿ. ಒಮ್ಮೆ ಕೂಡ ಕ್ಲಿಪ್ ಆಗಬಾರದು. ಆಮೇಲೆ ಗೇನ್ ನಾಬ್ ಎಲ್ಲಿದೆ ಎಂದು ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ಈ ಫೋಟೊ ಮೂರನೇ ಹಂತದಲ್ಲಿ ಬೇಕೇ ಬೇಕು. ಹಾಡು ಮುಗಿಯುವವರೆಗೆ, ಎಡ ಬಲ ಎರಡೂ ಡಬಲ್ ಟ್ರ್ಯಾಕ್ (ಒಂದೇ ಭಾಗವನ್ನು ಎರಡು ಸಲ ನುಡಿಸಿದ್ದು) ಮುಗಿಯುವವರೆಗೆ ಆ ನಾಬ್ ಅಲ್ಲಾಡಬಾರದು.

ನುಡಿಸುವಾಗ ಒಣ ಸದ್ದು ಕೇಳುತ್ತಾ ಕೂತರೆ ಕೈ ಓಡುವುದಿಲ್ಲ, ಅಲ್ವಾ? ಟ್ರ್ಯಾಕ್ ಮೇಲೆ ಒಂದು ಆಂಪ್ ಪ್ಲಗಿನ್ (ಸಾಫ್ಟ್‌ವೇರ್ ಆಂಪ್) ಹಾಕಿ ಅದನ್ನು ಕೇಳುತ್ತಾ ನುಡಿಸಿ. ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ಟ್ರ್ಯಾಕಿನ ಎಫ್‌ಎಕ್ಸ್‌ಗೆ (ಎಫೆಕ್ಟ್‌ಗಳ ಜಾಗ) ಹಾಕಿದ ಪ್ಲಗಿನ್ ರೆಕಾರ್ಡ್ ಆಗುವುದಿಲ್ಲ, ಡಿಐ ಮಾತ್ರ ಫೈಲ್‌ಗೆ ಹೋಗುತ್ತದೆ. 'ಇನ್‌ಪುಟ್ ಎಫ್‌ಎಕ್ಸ್' ಜಾಗಕ್ಕೆ ಹಾಕಿದರೆ ಮಾತ್ರ ಅದೂ ಸೇರಿ ರೆಕಾರ್ಡ್ ಆಗಿಬಿಡುತ್ತದೆ. ಬಫರ್ 64 ಅಥವಾ 128 ಸ್ಯಾಂಪಲ್ ಇಟ್ಟರೆ ಬೆರಳಿಗೂ ಕಿವಿಗೂ ನಡುವೆ ಎಳೆದ ಹಾಗೆ ಅನ್ನಿಸುವುದಿಲ್ಲ. ಇಲ್ಲಿ ಆರಿಸುವ ಪ್ಲಗಿನ್ ಕೊನೆಯಲ್ಲಿ ಬರುವ ಟೋನ್‌ಗೆ ಹತ್ತಿರ ಇರಲಿ. ಡಿಸ್ಟಾರ್ಷನ್ ಕೇಳುತ್ತಾ ನುಡಿಸಿದ ಪಾಮ್ ಮ್ಯೂಟಿಗೂ ಕ್ಲೀನ್ ಕೇಳುತ್ತಾ ನುಡಿಸಿದ್ದಕ್ಕೂ ಬಹಳ ವ್ಯತ್ಯಾಸ ಇರುತ್ತದೆ. ಕೈ ತಾನು ಕೇಳಿದ್ದಕ್ಕೆ ತಕ್ಕಂತೆ ನುಡಿಸುತ್ತದೆ.

ಈಗ ಗದ್ದಲ ಹುಡುಕುವ ಕೆಲಸ. ಡಿಐನಲ್ಲಿ ಪಿಸುಗುಟ್ಟುವಷ್ಟು ಸಣ್ಣ ಹಮ್ ಇದ್ದರೂ ಹೈ ಗೇನ್ ಆಂಪ್ ಅದನ್ನು ಎತ್ತಿ ತೋರಿಸುತ್ತದೆ. ತಂತಿಗಳನ್ನು ಕೈಯಲ್ಲಿ ಅದುಮಿ, ಹೆಡ್‌ಫೋನ್ ಜೋರು ಮಾಡಿ ಕೇಳಿ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಸಿಗುವ ಕಳ್ಳರು ಮೂವರು: ಲ್ಯಾಪ್‌ಟಾಪ್ ಚಾರ್ಜರ್, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಮತ್ತು ಲೈಟ್ ಡಿಮ್ಮರ್. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ. ಫ್ಯಾನ್ ಆರಿಸಿ ನೋಡಿ. ಸಿಂಗಲ್ ಕಾಯ್ಲ್ ಗಿಟಾರ್ ಆದರೆ ಕೂತಲ್ಲೇ ಮೆಲ್ಲಗೆ ತಿರುಗಿ, ಯಾವುದೋ ಒಂದು ದಿಕ್ಕಿನಲ್ಲಿ ಹಮ್ ಗಮನಕ್ಕೆ ಬರುವಷ್ಟು ಇಳಿಯುತ್ತದೆ. ಅಲ್ಲೇ ಕೂತು ನುಡಿಸಿ. ಕರೆಂಟ್ ಹೋಗಿ ಇನ್ವರ್ಟರ್ ಮೇಲೆ ನಡೆಯುತ್ತಿದ್ದರೆ ಕಾಯುವುದು ಒಳ್ಳೆಯದು. ಸ್ಕ್ವೇರ್ ವೇವ್ ಇನ್ವರ್ಟರ್‌ನ ಝೇಂಕಾರ ಡಿಐ ಒಳಗೆ ಸೇರಿಕೊಂಡರೆ ತೆಗೆಯುವುದು ಕಷ್ಟ.

ಟೇಕ್‌ಗಳನ್ನು ಆರಿಸುವುದು, ಟೈಮಿಂಗ್ ತಿದ್ದುವುದು, ಕತ್ತರಿಸಿದಲ್ಲಿ ಕ್ರಾಸ್‌ಫೇಡ್ ಹಾಕುವುದು ಎಲ್ಲ ಡಿಐ ಮೇಲೆ ಈಗಲೇ ಮುಗಿಸಿ. ನಾರ್ಮಲೈಸ್ (ಪೀಕನ್ನು ಒಂದು ಗೊತ್ತಾದ ಮಟ್ಟಕ್ಕೆ ಏರಿಸುವುದು) ಮಾತ್ರ ಮಾಡಬೇಡಿ. ಮಾಡಿದರೆ ಗಿಟಾರ್‌ನ ನಿಜವಾದ ವೋಲ್ಟೇಜ್ ಎಷ್ಟಿತ್ತು ಎಂಬ ಲೆಕ್ಕವೇ ಹಾಳಾಗುತ್ತದೆ. ಕಂಪ್ರೆಸರ್ ಕೂಡ ಬೇಡ.

ಹಂತ 2: ಸಾಫ್ಟ್‌ವೇರ್‌ನಲ್ಲೇ ಮುಗಿಸುವುದಾದರೆ

ಎಷ್ಟೋ ಹಾಡುಗಳಿಗೆ ಇದೇ ಸಾಕು. ಡಿಐ ಟ್ರ್ಯಾಕಿನ ಮೇಲೆ ಆಂಪ್ ಪ್ಲಗಿನ್, ಅದರ ನಂತರ ಸ್ಪೀಕರ್ ಕ್ಯಾಬಿನೆಟ್‌ನ ಐಆರ್. ಐಆರ್ ಅಂದರೆ ಒಂದು ಕ್ಯಾಬಿನೆಟ್ ಮತ್ತು ಮೈಕ್‌ನ ಗುಣವನ್ನು ಹಿಡಿದಿಟ್ಟ ಸಣ್ಣ ವೇವ್ ಫೈಲ್. ಸ್ಟೀವನ್ ಅಟ್ಕಿನ್ಸನ್ ಬರೆದ ನ್ಯೂರಲ್ ಆಂಪ್ ಮಾಡೆಲರ್ ಎಂಬ ಆಂಪ್ ಪ್ಲಗಿನ್ ಉಚಿತ, ಓಪನ್ ಸೋರ್ಸ್, ಮತ್ತು ನಿಜಕ್ಕೂ ಒಳ್ಳೆಯದು. ಆಂಪ್ ಪ್ಲಗಿನ್ ಒಳಗೇ ಕ್ಯಾಬಿನೆಟ್ ಇದ್ದರೆ, ಬೇರೆ ಐಆರ್ ಹಾಕುವ ಮೊದಲು ಅದನ್ನು ಆಫ್ ಮಾಡಿ. ಎರಡು ಕ್ಯಾಬಿನೆಟ್ ಒಂದರ ಮೇಲೊಂದು ಬಿದ್ದರೆ ಕಂಬಳಿ ಹೊದ್ದು ನುಡಿಸಿದ ಹಾಗಿರುತ್ತದೆ.

ಇಲ್ಲೂ ಲೆವೆಲ್ ಮುಖ್ಯ. ಕೆಲವು ಪ್ಲಗಿನ್ ಕಂಪನಿಗಳು ತಾವು ಯಾವ ಇನ್‌ಪುಟ್ ಲೆವೆಲ್‌ಗೆ ಪ್ಲಗಿನ್ ಮಾಡಿದ್ದೇವೆ ಎಂದು ಡಿಬಿಯು ಲೆಕ್ಕದಲ್ಲಿ ಹೇಳುತ್ತವೆ. ನಿಮ್ಮ ಇಂಟರ್‌ಫೇಸ್‌ನ ಮ್ಯಾನ್ಯುಯಲ್‌ನಲ್ಲಿ ಇನ್‌ಸ್ಟ್ರುಮೆಂಟ್ ಇನ್‌ಪುಟ್‌ನ ಗರಿಷ್ಠ ಲೆವೆಲ್ ಬರೆದಿರುತ್ತದೆ. ಎರಡರ ವ್ಯತ್ಯಾಸ ಎಷ್ಟೋ ಅಷ್ಟನ್ನು ಪ್ಲಗಿನ್‌ನ ಇನ್‌ಪುಟ್ ನಾಬ್‌ನಲ್ಲಿ ಸರಿಮಾಡಿ. ಮ್ಯಾನ್ಯುಯಲ್‌ನ ಅಂಕಿ ಗೇನ್ ಅತಿ ಕಡಿಮೆ ಇದ್ದಾಗಿನದು. ಗೇನ್ ಏರಿಸಿದ್ದರೆ ಏರಿಸಿದಷ್ಟನ್ನು ಕಳೆಯಬೇಕು.

ಲೈನ್ 6 ಹೀಲಿಕ್ಸ್ ತರಹದ ಮಾಡೆಲರ್ (ಆಂಪ್‌ಗಳ ಸದ್ದನ್ನು ಅನುಕರಿಸುವ ಪೆಟ್ಟಿಗೆ) ಇರುವವರಿಗೆ ಇನ್ನೊಂದು ಸುಲಭ ದಾರಿ ಇದೆ. ಹೀಲಿಕ್ಸ್‌ನಲ್ಲಿ ಯುಎಸ್‌ಬಿ 7 ಮತ್ತು 8ನೇ ಚಾನೆಲ್ ಒಣ ಗಿಟಾರ್‌ಗೇ ಮೀಸಲು. ಅದನ್ನು ರೆಕಾರ್ಡ್ ಮಾಡಿ, ಆಮೇಲೆ ಯುಎಸ್‌ಬಿ ಮೂಲಕವೇ ವಾಪಸ್ ಕಳಿಸಿ ಬೇರೆ ಟೋನ್‌ನಲ್ಲಿ ರೆಕಾರ್ಡ್ ಮಾಡಬಹುದು. ಬಾಕ್ಸೂ ಬೇಡ, ಬೇರೆ ಕೇಬಲ್ಲೂ ಬೇಡ.

ಹಂತ 3: ಲೆವೆಲ್ ಅಳೆಯುವುದು

ಇಡೀ ಕೆಲಸದ ಜೀವ ಇಲ್ಲಿದೆ, ನಿಧಾನವಾಗಿ ಮಾಡಿ. ಉಪಾಯ ಇಷ್ಟೇ: ರೀಆಂಪ್ ಬಾಕ್ಸ್‌ನಿಂದ ಹೊರಬರುವುದನ್ನು ಆಂಪ್‌ಗೆ ಕೊಡುವ ಮೊದಲು, ಗಿಟಾರ್ ಚುಚ್ಚಿದ್ದ ಅದೇ ಇನ್‌ಪುಟ್‌ಗೆ ಕೊಟ್ಟು ನೋಡುವುದು. ಗೇನ್ ಆಗ ಇದ್ದಷ್ಟೇ ಇದ್ದು, ಈಗ ಬಂದ ಅಳತೆ ಮೂಲದಷ್ಟೇ ಇದ್ದರೆ, ಬಾಕ್ಸ್‌ನಿಂದ ಬರುವ ವೋಲ್ಟೇಜ್ ಗಿಟಾರ್‌ನ ವೋಲ್ಟೇಜೇ ಆಗಿದೆ.

1. ಇಂಟರ್‌ಫೇಸ್‌ನ ಔಟ್‌ಪುಟ್ 3ರಿಂದ ಟಿಆರ್‌ಎಸ್ (ಬ್ಯಾಲೆನ್ಸ್ಡ್ ಜ್ಯಾಕ್) ಕೇಬಲ್‌ನಲ್ಲಿ ರೀಆಂಪ್ ಬಾಕ್ಸ್‌ನ ಇನ್‌ಪುಟ್‌ಗೆ ಕೊಡಿ.
2. ಬಾಕ್ಸ್‌ನ ಔಟ್‌ಪುಟ್‌ನಿಂದ ಮಾಮೂಲಿ ಗಿಟಾರ್ ಕೇಬಲ್‌ನಲ್ಲಿ, ಡಿಐ ರೆಕಾರ್ಡ್ ಮಾಡಿದ ಅದೇ ಇನ್‌ಸ್ಟ್ರುಮೆಂಟ್ ಇನ್‌ಪುಟ್‌ಗೆ ಕೊಡಿ. ಗೇನ್ ನಾಬ್ ಫೋಟೊದಲ್ಲಿ ಇದ್ದ ಹಾಗೇ ಇರಲಿ.
3. ರೀಪರ್‌ನಲ್ಲಿ ಒಂದು ಟ್ರ್ಯಾಕ್ ಮಾಡಿ, ಟೋನ್ ಜನರೇಟರ್ ಹಾಕಿ 1 ಕಿಲೋಹರ್ಟ್ಜ್ ಸೈನ್ ಟೋನನ್ನು ಪೀಕ್ ಮೈನಸ್ 20ಕ್ಕೆ ಇಡಿ. ಆ ಟ್ರ್ಯಾಕಿನ ರೂಟಿಂಗ್ ಕಿಟಕಿ ತೆರೆದು 'ಮಾಸ್ಟರ್ ಸೆಂಡ್' ಟಿಕ್ ತೆಗೆಯಿರಿ. ಹಾರ್ಡ್‌ವೇರ್ ಔಟ್‌ಪುಟ್‌ನಲ್ಲಿ ಮೋನೊ 3 ಸೇರಿಸಿ. ಫೇಡರ್ ಸೊನ್ನೆಯಲ್ಲಿ ಇರಲಿ.
4. ಇನ್ನೊಂದು ಟ್ರ್ಯಾಕನ್ನು ಆ ಇನ್‌ಪುಟ್‌ಗೆ ಆರ್ಮ್ ಮಾಡಿ, ಅಂದರೆ ರೆಕಾರ್ಡಿಂಗ್‌ಗೆ ಸಿದ್ಧ ಮಾಡಿ. ಮಾನಿಟರಿಂಗ್ ಆಫ್ ಇರಲಿ. ಇಂಟರ್‌ಫೇಸ್‌ನ ಡೈರೆಕ್ಟ್ ಮಾನಿಟರ್ ಕೂಡ ಆಫ್. ಇಲ್ಲದಿದ್ದರೆ ಹೋದದ್ದೇ ತಿರುಗಿ ಬಂದು ಕಿವಿ ಹರಿಯುವ ಫೀಡ್‌ಬ್ಯಾಕ್ ಆಗಬಹುದು.
5. ಬಾಕ್ಸ್‌ನ ನಾಬ್ ಪೂರ್ತಿ ಇಳಿಸಿ ಶುರುಮಾಡಿ, ಮೀಟರ್ ನೋಡುತ್ತಾ ನಿಧಾನಕ್ಕೆ ಏರಿಸಿ. ವಾಪಸ್ ಬರುವ ಟೋನ್ ಕೂಡ ಮೈನಸ್ 20 ತೋರಿಸಿದಾಗ ನಿಲ್ಲಿಸಿ. ಅರ್ಧ ಡೆಸಿಬೆಲ್ ಆಚೀಚೆ ಆದರೆ ಚಿಂತೆಯಿಲ್ಲ.

ನಾಬ್ ಎಷ್ಟು ಇಳಿಸಿದರೂ ಮೈನಸ್ 13ಕ್ಕಿಂತ ಕೆಳಗೆ ಬರುತ್ತಿಲ್ಲ ಅಂದುಕೊಳ್ಳಿ. ಆಗ ರೀಆಂಪ್‌ಗೆ ಹೋಗುವ ಟ್ರ್ಯಾಕಿನ ಫೇಡರನ್ನೇ 7 ಡೆಸಿಬೆಲ್ ಇಳಿಸಿ, ಆ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಸರಿಹೊಂದಿದ ಮೇಲೆ ಬಾಕ್ಸ್‌ನ ನಾಬ್ ಪಕ್ಕ ಮಾರ್ಕರ್ ಗುರುತೋ ಟೇಪ್ ತುಂಡೋ ಹಾಕಿ. ಒಮ್ಮೆ ಡಿಐ ಟ್ರ್ಯಾಕನ್ನೂ ಇದೇ ದಾರಿಯಲ್ಲಿ ಕಳಿಸಿ ರೆಕಾರ್ಡ್ ಮಾಡಿ, ಎರಡು ಅಲೆಗಳನ್ನು ಮೇಲೆ ಕೆಳಗೆ ಇಟ್ಟು ನೋಡಿ. ಎತ್ತರ ಒಂದೇ ಇರಬೇಕು. ಒಂದು ಮೇಲೆದ್ದಲ್ಲಿ ಇನ್ನೊಂದು ಕೆಳಗಿಳಿದಿದ್ದರೆ ಪೊಲ್ಯಾರಿಟಿ ತಿರುಗಿದೆ ಎಂದರ್ಥ. ಅದನ್ನೂ ಬರೆದಿಡಿ.

ಡಿಐ ಬೇರೆಯವರು ಕಳಿಸಿದ್ದು, ಗೇನ್ ಎಷ್ಟಿತ್ತೋ ಗೊತ್ತಿಲ್ಲ ಎಂದರೆ ಕಿವಿಯೇ ಗತಿ. ಆಂಪನ್ನು ಕ್ಲೀನ್‌ಗಿಂತ ತುಸು ಮೇಲೆ, ಜೋರಾಗಿ ಮೀಟಿದಾಗ ಮಾತ್ರ ಒಡೆಯುವಂತೆ ಇಡಿ. ಅಂಥದ್ದೇ ಪಿಕಪ್ ಇರುವ ಗಿಟಾರ್ ನೇರ ಚುಚ್ಚಿ ನುಡಿಸಿ. ಆಮೇಲೆ ಡಿಐ ಕಳಿಸಿ, ಅದೇ ಜೋರಿಗೆ ಅಷ್ಟೇ ಒಡೆಯುವವರೆಗೆ ನಾಬ್ ತಿರುಗಿಸಿ. ಹೈ ಗೇನ್‌ನಲ್ಲಿ ಇದನ್ನು ಮಾಡಬೇಡಿ. ಅಲ್ಲಿ ಎಲ್ಲವೂ ಅದುಮಿಹೋಗಿ 6 ಡೆಸಿಬೆಲ್ ವ್ಯತ್ಯಾಸ ಕೂಡ ಸರಿಯಾಗಿ ತಿಳಿಯುವುದಿಲ್ಲ.

ಹಂತ 4: ಆಂಪ್‌ಗೆ ಜೋಡಿಸುವುದು

ಈಗ ಇಂಟರ್‌ಫೇಸ್‌ನಿಂದ ಕಿತ್ತ ಗಿಟಾರ್ ಕೇಬಲ್ಲನ್ನು ಆಂಪ್‌ನ ಇನ್‌ಪುಟ್‌ಗೆ ಹಾಕಿ. ಆಂಪ್‌ನ ಇನ್‌ಪುಟ್ ಇಂಪೀಡೆನ್ಸ್ ಕೂಡ ಸುಮಾರು ಅಷ್ಟೇ ಇರುವುದರಿಂದ ನಿಮ್ಮ ಅಳತೆ ಕೆಡುವುದಿಲ್ಲ. ದೂರ ಹೋಗಬೇಕಾದದ್ದು ಟಿಆರ್‌ಎಸ್ ಕೇಬಲ್, ಗಿಟಾರ್ ಕೇಬಲ್ ಗಿಡ್ಡ ಇರಲಿ. ಅಂದರೆ ಬಾಕ್ಸ್ ಆಂಪ್‌ನ ಹತ್ತಿರ ಇರಬೇಕು, ಆದರೆ ಆಂಪ್‌ನ ಮೇಲೆ ಅಲ್ಲ. ಪವರ್ ಟ್ರಾನ್ಸ್‌ಫಾರ್ಮರ್‌ನ ಹಮ್ ಬಾಕ್ಸ್ ಒಳಗಿನ ಟ್ರಾನ್ಸ್‌ಫಾರ್ಮರ್‌ಗೆ ಹತ್ತುತ್ತದೆ. ಬಾಕ್ಸನ್ನು ನೆಲದ ಮೇಲಿಟ್ಟು ಸ್ವಲ್ಪ ತಿರುಗಿಸಿ ನೋಡಿ.

ಹಮ್ ಇನ್ನೂ ಇದ್ದರೆ ಬಾಕ್ಸ್‌ನ ಗ್ರೌಂಡ್ ಲಿಫ್ಟ್ ಸ್ವಿಚ್ ಬದಲಿಸಿ. ಲ್ಯಾಪ್‌ಟಾಪ್, ಇಂಟರ್‌ಫೇಸ್, ಆಂಪ್ ಎಲ್ಲಕ್ಕೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಿಂದ ಕರೆಂಟ್ ಕೊಡಿ. ಹಮ್ ಹೋಗಲೆಂದು ಆಂಪ್‌ನ ಮೂರನೇ ಪಿನ್ ಕೀಳುವುದು, ಎರಡು ಪಿನ್‌ಗೆ ಹಾಕುವುದು ಖಂಡಿತ ಬೇಡ. ಟ್ಯೂಬ್ ಆಂಪ್ ಒಳಗೆ ನೂರಾರು ವೋಲ್ಟ್ ಇರುತ್ತದೆ. ಏನಾದರೂ ಕೆಟ್ಟಾಗ ನಿಮ್ಮ ಜೀವ ಉಳಿಸುವುದು ಆ ಅರ್ತ್ ಪಿನ್. ಹಾಗೆಯೇ ಸ್ಪೀಕರ್ ಅಥವಾ ಲೋಡ್ ಬಾಕ್ಸ್ (ಸ್ಪೀಕರ್ ಬದಲು ಆಂಪ್‌ನ ಶಕ್ತಿಯನ್ನು ಸದ್ದಿಲ್ಲದೆ ಹೀರುವ ಡಬ್ಬಿ) ಇಲ್ಲದೆ ಟ್ಯೂಬ್ ಆಂಪ್ ಆನ್ ಮಾಡಬೇಡಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಸದ್ದೇ ಮಾಡಲಾಗದ ಮನೆಯಾದರೆ ಟೂ ನೋಟ್ಸ್ ಕ್ಯಾಪ್ಟರ್ ತರಹದ ಲೋಡ್ ಬಾಕ್ಸ್ ಹಾಕಿ, ಅದರ ಲೈನ್ ಔಟ್ ರೆಕಾರ್ಡ್ ಮಾಡಿ ಐಆರ್ ಸೇರಿಸಿ. ಆಂಪ್‌ನ ಓಮ್ ಲೆಕ್ಕ ಲೋಡ್ ಬಾಕ್ಸ್‌ಗೆ ಹೊಂದಬೇಕು.

ಪೆಡಲ್‌ಗಳು ಬಾಕ್ಸ್ ಮತ್ತು ಆಂಪ್‌ನ ನಡುವೆ ಬರುತ್ತವೆ. ಓವರ್‌ಡ್ರೈವ್, ಡಿಲೇ, ಕೋರಸ್ ಎಲ್ಲ ಸಲೀಸು. ಫಝ್ ಫೇಸ್ ಜಾತಿಯ ಹಳೇ ಮಾದರಿಯ ಫಝ್ ಮಾತ್ರ ಹಟಮಾರಿ. ಅದರ ಇನ್‌ಪುಟ್ ಇಂಪೀಡೆನ್ಸ್ ತುಂಬಾ ಕಡಿಮೆ, ಗಿಟಾರ್‌ನ ಪಿಕಪ್ ಕೂಡ ಅದರ ಸರ್ಕ್ಯೂಟ್‌ನ ಭಾಗವೇ ಆಗಿ ಕೆಲಸ ಮಾಡುತ್ತದೆ. ಪಿಕಪ್ ಜಾಗದಲ್ಲಿ ಬಾಕ್ಸ್ ಬಂದಾಗ ಸದ್ದು ಚೂಪಾಗಿ, ಒರಟಾಗಿ ಬರುತ್ತದೆ. ಗಿಟಾರ್‌ನ ವಾಲ್ಯೂಮ್ ಇಳಿಸಿದಾಗ ಸಿಗುವ ಆ ಸಿಹಿ ಕ್ಲೀನ್ ಸಿಗುವುದಿಲ್ಲ. ಅಂಥ ಫಝ್ ಬೇಕಿದ್ದರೆ ಅದನ್ನು ಡಿಐಗಿಂತ ಮೊದಲೇ ಹಾಕಿ ರೆಕಾರ್ಡ್ ಮಾಡುವುದೇ ಸರಿ ಎಂದು ನನ್ನ ಅಭಿಪ್ರಾಯ.

ಹಂತ 5: ಮೈಕ್

ರೀಆಂಪಿಂಗ್‌ನ ದೊಡ್ಡ ಸುಖ ಇಲ್ಲಿ ಸಿಗುತ್ತದೆ. ಎಂಟು ಬಾರ್ ಲೂಪ್ ಹಾಕಿದರೆ ಗಿಟಾರ್ ತಾನೇ ನುಡಿಯುತ್ತಿರುತ್ತದೆ, ನಿಮ್ಮ ಎರಡೂ ಕೈ ಖಾಲಿ. ಶ್ಯೂರ್ ಎಸ್‌ಎಂ57 ಒಂದಿದ್ದರೆ ಸಾಕು. ಸ್ಪೀಕರ್ ಬಟ್ಟೆಯಿಂದ ಎರಡು ಮೂರು ಸೆಂಟಿಮೀಟರ್ ದೂರ, ನಡುವಿನ ಗುಬುಟು ಮುಗಿದು ಕೋನ್ ಶುರುವಾಗುವ ಅಂಚಿಗೆ ನೇರವಾಗಿಡಿ. ಇದು ಶುರುಮಾಡುವ ಜಾಗ. ನಡುವಿಗೆ ಸರಿಸಿದಷ್ಟೂ ಚೂಪು, ಅಂಚಿಗೆ ಸರಿಸಿದಷ್ಟೂ ಮಂದ. ಒಂದು ಸೆಂಟಿಮೀಟರ್ ಸರಿಸಿದರೂ ಇಕ್ಯೂ ನಾಬ್ ತಿರುಗಿಸಿದ್ದಕ್ಕಿಂತ ಜಾಸ್ತಿ ಬದಲಾಗುತ್ತದೆ. ಆಂಪ್ ಜೋರಾಗಿದ್ದರೆ ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳಿ, ಸ್ಪೀಕರ್ ಎದುರಿಗೆ ಮುಖ ಇಟ್ಟು ಹುಡುಕಬೇಡಿ.

ಪ್ರತಿ ಜಾಗದಲ್ಲೂ ಎಂಟು ಬಾರ್ ರೆಕಾರ್ಡ್ ಮಾಡಿ, ಡ್ರಮ್ಸ್ ಮತ್ತು ಬೇಸ್ ಜೊತೆ ಕೇಳಿ ಆರಿಸಿ. ಒಂಟಿಯಾಗಿ ಕೇಳಿದಾಗ ದಪ್ಪಗೆ, ಚೆಂದಕ್ಕೆ ಕಂಡದ್ದು ಬೇಸ್ ಬಂದ ಕೂಡಲೇ ಕೆಸರಾಗುತ್ತದೆ. ಗೇನ್ ಕೂಡ ರೂಮಿನಲ್ಲಿ ಇಷ್ಟವಾದದ್ದಕ್ಕಿಂತ ಸ್ವಲ್ಪ ಕಡಿಮೆ ಇಡಿ. ಡಬಲ್ ಟ್ರ್ಯಾಕ್ ಸೇರಿದಾಗ ತೂಕ ತಾನಾಗಿ ಬರುತ್ತದೆ.

ಹಂತ 6: ಸಾಲು ಹೊಂದಿಸುವುದು

ಸಿಗ್ನಲ್ ಹೊರಗೆ ಹೋಗಿ ಒಳಗೆ ಬರುವುದರಲ್ಲಿ ಸ್ವಲ್ಪ ತಡವಾಗುತ್ತದೆ. ಬಹುಪಾಲನ್ನು ಸಾಫ್ಟ್‌ವೇರ್ ತಾನೇ ಸರಿಮಾಡುತ್ತದೆ, ಪೂರ್ತಿ ಅಲ್ಲ. ಗಾಳಿಯಲ್ಲಿ ಆಗುವ ತಡ ಅದಕ್ಕೆ ಗೊತ್ತಿಲ್ಲ. ಮೈಕ್ 30 ಸೆಂಟಿಮೀಟರ್ ದೂರ ಇದ್ದರೆ ಸುಮಾರು 0.9 ಮಿಲಿಸೆಕೆಂಡ್, 48 ಕಿಲೋಹರ್ಟ್ಜ್‌ನಲ್ಲಿ 42 ಸ್ಯಾಂಪಲ್. ಒಂದೇ ಡಿಐಯಿಂದ ಬಂದ ಎರಡು ಟ್ರ್ಯಾಕ್ ಬೆರೆಸುವಾಗ ಇಷ್ಟು ಸಾಕು, ಸದ್ದು ಟೊಳ್ಳಾಗುತ್ತದೆ. ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಟೇಕ್ ಆದರೆ ಇದರ ಗೊಡವೆ ಬೇಡ.

ಸುಲಭದ ದಾರಿ: ಕಳಿಸುವ ಮೊದಲೇ ಡಿಐನ ಆರಂಭದಲ್ಲಿ, ಸಂಗೀತಕ್ಕಿಂತ ಒಂದು ಬಾರ್ ಮುಂಚೆ, ಒಂದು ಚಿಕ್ಕ ಕ್ಲಿಕ್ ಸೇರಿಸಿ. ಅದು ಆಂಪ್ ಮೂಲಕವೂ ಬರುತ್ತದೆ. ಆಮೇಲೆ ಜೂಮ್ ಮಾಡಿ ಎರಡೂ ಕ್ಲಿಕ್ ಒಂದೇ ಗೆರೆಗೆ ಬರುವಂತೆ ಟ್ರ್ಯಾಕ್ ಎಳೆಯಿರಿ. ರೀಪರ್‌ನ ರೀಇನ್ಸರ್ಟ್ ಪ್ಲಗಿನ್‌ನಲ್ಲಿ 'ಪಿಂಗ್' ಬಟನ್ ಒತ್ತಿದರೆ ಅದೇ ತಡವನ್ನು ಅಳೆಯುತ್ತದೆ. ಆಪಲ್‌ನ ಲಾಜಿಕ್ ಸಾಫ್ಟ್‌ವೇರ್‌ನ ಐ/ಒ ಪ್ಲಗಿನ್‌ನಲ್ಲೂ ಇದೇ ಸೌಲಭ್ಯ ಇದೆ. ಕೊನೆಗೆ ಒಂದು ಟ್ರ್ಯಾಕಿನ ಪೊಲ್ಯಾರಿಟಿ ತಿರುಗಿಸಿ ಕೇಳಿ. ಯಾವುದರಲ್ಲಿ ಕೆಳಗಿನ ಸ್ವರ ತುಂಬಿ ಬರುತ್ತದೋ ಅದನ್ನೇ ಇಡಿ.

ಜ್ಯಾಮ್ ರೂಮ್‌ಗೆ ಹೋಗುವುದಾದರೆ

ಗಂಟೆ ಲೆಕ್ಕದ ದುಡ್ಡು, ಆದ್ದರಿಂದ ಎಡಿಟಿಂಗ್ ಮನೆಯಲ್ಲೇ ಮುಗಿದಿರಬೇಕು. ಎಲ್ಲ ಹಾಡುಗಳ ಡಿಐಗಳನ್ನೂ ಒಂದೇ ಪ್ರಾಜೆಕ್ಟ್‌ನಲ್ಲಿ ಸಾಲಾಗಿ ಜೋಡಿಸಿಟ್ಟುಕೊಳ್ಳಿ. ಒಂದು ಟೋನ್ ಸಿಕ್ಕ ಮೇಲೆ ಪ್ಲೇ ಒತ್ತಿ ಬಿಟ್ಟರೆ ಎಲ್ಲವೂ ಒಟ್ಟಿಗೆ ರೆಕಾರ್ಡ್ ಆಗುತ್ತವೆ. ಲೆವೆಲ್ ಅಳತೆ ಮನೆಯಲ್ಲೇ ಆಗಿರುವುದರಿಂದ ಅಲ್ಲಿ ಬಾಕ್ಸ್‌ನ ಗುರುತು ನೋಡಿದರೆ ಸಾಕು. ಆಂಪ್‌ನ ನಾಬ್‌ಗಳ ಫೋಟೊ, ಮೈಕ್ ಇಟ್ಟ ಜಾಗದ ಫೋಟೊ ಎರಡನ್ನೂ ತೆಗೆಯಿರಿ. ಒಂದು ವಾರ ಬಿಟ್ಟು ಒಂದು ಸಾಲು ಮತ್ತೆ ಮಾಡಬೇಕಾದಾಗ ನೆನಪಿನ ಮೇಲೆ ನಂಬಿಕೆ ಇಟ್ಟು ಪ್ರಯೋಜನವಿಲ್ಲ.

ಸಮಯ ಉಳಿದರೆ ಅದೇ ಜೋಡಣೆಯಲ್ಲಿ ನ್ಯೂರಲ್ ಆಂಪ್ ಮಾಡೆಲರ್‌ಗೆ ಆ ಆಂಪಿನ ಕ್ಯಾಪ್ಚರ್, ಅಂದರೆ ಅದರ ಸಾಫ್ಟ್‌ವೇರ್ ಪ್ರತಿ, ತೆಗೆದುಕೊಳ್ಳಿ. ಆ ಪ್ಲಗಿನ್ ಮಾಡಿದವರೇ ಕೊಡುವ ಸುಮಾರು ಮೂರು ನಿಮಿಷದ ಪರೀಕ್ಷಾ ವೇವ್ ಫೈಲನ್ನು ಡಿಐ ಜಾಗದಲ್ಲಿ ಇಟ್ಟು, ಅದೇ ರೀಆಂಪ್ ದಾರಿಯಲ್ಲಿ ಕಳಿಸಿ, ಮೈಕ್‌ನಿಂದ ಬಂದದ್ದನ್ನು ರೆಕಾರ್ಡ್ ಮಾಡಿ. ಪ್ರಾಜೆಕ್ಟ್ 48 ಕಿಲೋಹರ್ಟ್ಜ್‌ನಲ್ಲಿರಲಿ. ನಡುವೆ ಯಾರೂ ನಾಬ್ ಮುಟ್ಟಬಾರದು. ರೆಕಾರ್ಡ್ ಆದ ಫೈಲಿನ ಉದ್ದ ಕಳಿಸಿದ ಫೈಲಿನಷ್ಟೇ ಇರುವಂತೆ ಎಕ್ಸ್‌ಪೋರ್ಟ್ ಮಾಡಿ, ಆರಂಭದ ಮೌನವನ್ನು ಕತ್ತರಿಸಬೇಡಿ. ಮನೆಗೆ ಬಂದು ಆ ಎರಡು ಫೈಲ್ ಕೊಟ್ಟು ಟ್ರೈನ್ ಮಾಡಿಸಿದರೆ, ಮುಂದಿನ ಡಿಐ ನುಡಿಸುವಾಗ ಕಿವಿಗೆ ಆ ರೂಮಿನ ಆಂಪೇ ಕೇಳಿಸುತ್ತದೆ. ಮೈಕ್ ಸೇರಿಸಿ ತೆಗೆದ ಕ್ಯಾಪ್ಚರ್‌ನಲ್ಲಿ ಸ್ಪೀಕರ್ ಕೂಡ ಇರುತ್ತದೆ, ಅದಕ್ಕೆ ಮತ್ತೆ ಐಆರ್ ಹಾಕಬೇಡಿ.